ಪರೀಕ್ಷಾರ್ಥಿ ವಿಶ್ವೇಶ್ವರಯ್ಯನವರು

ಕನ್ನಂಬಾಡಿಯ ಕಟ್ಟೆಯನ್ನು ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಮಹಾಶಿಲ್ಪಿಯೆಂದು ಬಲ್ಲರು. ಮೈಸೂರು ಸಂಸ್ಥಾನದ ಇತಿಹಾಸವನ್ನು ಓದಿದವರು ಅವರನ್ನು ದಕ್ಷ ದಿವಾನರೆಂದು ಬಲ್ಲರು. 1955ರಲ್ಲಿ ಭಾರತರತ್ನ ಪ್ರಶಸ್ತಿಯಿಂದ ಭೂಷಿತರಾದ ಮಹನೀಯರೆಂಬುದಂತೂ ಶಾಲೆಯ ಮಕ್ಕಳಿಗೂ ತಿಳಿದ ಮಾತು. ಆದರೆ ಈ ಕೀರ್ತಿಯೆಲ್ಲ ಬರುವುದಕ್ಕೆ ಮುಂಚೆ, ಒಂದು ಮನೆಯಲ್ಲಿ ಉಂಡು, ಇನ್ನೊಂದು ಮನೆಯಲ್ಲಿ ಮಲಗಿ, ಅವೆರಡರ ನಡುವೆ ಕಾಲ್ನಡಿಗೆಯಲ್ಲಿ ಓಡಾಡುತ್ತ ಕಾಲೇಜಿನ ಅಂತಿಮ ಪರೀಕ್ಷೆಗೆ ಸಿದ್ಧನಾಗುತ್ತಿದ್ದ ಬಡ ತರುಣನೊಬ್ಬನಿದ್ದನು. ಮುಂದಿನ ಮಹಾಪುರುಷನು ರೂಪುಗೊಂಡುದು ಆ ದಿನಗಳಲ್ಲಿಯೇ. ಆದರೂ ಅವರ ಜೀವನಚರಿತ್ರೆಗಳಲ್ಲಿ ಆ ಭಾಗವು ಒಂದೆರಡು ವಾಕ್ಯಗಳಲ್ಲಿ ಮುಗಿದು ಹೋಗುವುದೇ ಹೆಚ್ಚು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ ಅವರ ಹುಟ್ಟೂರು. ವಂಶದ ಹಿರಿಯರು ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡದಿಂದ ಬಂದು ನೆಲೆಸಿದವರಾದುದರಿಂದ ಆ ಊರ ಹೆಸರು ಮನೆತನಕ್ಕೆ ಉಳಿದುಕೊಂಡಿತು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು; ಆಯುರ್ವೇದವನ್ನೂ ಬಲ್ಲವರು. ವಿದ್ವತ್ತು ಇದ್ದ ಮನೆಯಲ್ಲಿ ಸಂಪತ್ತು ಇರಲಿಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಗನಿನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದ ಓದು ಮುಗಿದ ಮೇಲೆ ಮುಂದಿನ ವಿದ್ಯೆಗೆ ಬೆಂಗಳೂರೇ ಗತಿ. ಅಲ್ಲಿ ಆಸರೆಯೆಂದರೆ ಸೋದರಮಾವ ರಾಮಯ್ಯನವರ ಮನೆಯೊಂದೇ.

ಸೋದರಮಾವನು ಅನ್ನಕ್ಕೆ ಕೊರತೆ ಮಾಡಲಿಲ್ಲ. ಆದರೆ ಕಾಲೇಜಿನ ಶುಲ್ಕ, ಪುಸ್ತಕ, ಬಟ್ಟೆಬರೆಗಳ ವೆಚ್ಚವನ್ನೆಲ್ಲ ಆ ಮನೆಯ ಮೇಲೆ ಹೊರಿಸಲು ತರುಣನ ಮನಸ್ಸು ಒಪ್ಪಲಿಲ್ಲ. ಮುದ್ದಯ್ಯನವರೆಂಬ ಕೊಡಗಿನ ಗೃಹಸ್ಥರು ಆಗ ಬೆಂಗಳೂರಿನಲ್ಲಿದ್ದರು. ಅವರ ಮನೆಯ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ವಿಶ್ವೇಶ್ವರಯ್ಯನವರು ಹಿಡಿದರು. ಅಂದಿನಿಂದ ದಿನಚರಿಯು ಎರಡು ಮನೆಗಳ ನಡುವೆ ಹಂಚಿಹೋಯಿತು. ಊಟಕ್ಕೆ ಮಾವನ ಮನೆ. ಪಾಠ ಹೇಳುವುದಕ್ಕೂ ರಾತ್ರಿ ತಂಗುವುದಕ್ಕೂ ಮುದ್ದಯ್ಯನವರ ಮನೆ. ಹಗಲಿಗೆ ಸೆಂಟ್ರಲ್ ಕಾಲೇಜು. ಉಂಡಲ್ಲಿ ಮಲಗುವ ಸುಖವಿಲ್ಲ, ಮಲಗಿದಲ್ಲಿ ಉಣ್ಣುವ ಹಕ್ಕಿಲ್ಲ. ವಾರಾನ್ನದಿಂದಲೋ ಮಠದ ಪ್ರಸಾದದಿಂದಲೋ ಓದಿ ಮೇಲೆ ಬಂದ ಹಿರಿಯರು ಕನ್ನಡ ನಾಡಿನಲ್ಲಿ ಅಸಂಖ್ಯರಿದ್ದಾರೆ. ಅಂಥವರಿಗೆ ಈ ಬಾಳಿನ ಬಗೆಯನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.

ಪರೀಕ್ಷೆ ಹತ್ತಿರವಾದಂತೆ ಇಂಥ ವಿದ್ಯಾರ್ಥಿಗೆ ಒದಗುವ ಸಂಕಟವೇ ಬೇರೆ. ಉಳ್ಳವರ ಮಕ್ಕಳು ಪರೀಕ್ಷೆಯ ತಿಂಗಳಲ್ಲಿ ಮಿಕ್ಕೆಲ್ಲ ಕೆಲಸಗಳನ್ನು ಬದಿಗಿಟ್ಟು ಓದಬಲ್ಲರು. ಪಾಠ ಹೇಳಿ ಬದುಕುವವನಿಗೆ ಆ ಅನುಕೂಲವಿಲ್ಲ. ತನ್ನ ಪರೀಕ್ಷೆಯ ಕಾಲದಲ್ಲಿಯೂ ಅವನು ಪರರ ಮಕ್ಕಳ ಪಾಠವನ್ನು ಮೊದಲು ಮುಗಿಸಬೇಕು. ಅವನ ಪಾಲಿಗೆ ಉಳಿಯುವುದು ಮಕ್ಕಳು ಮಲಗಿದ ಮೇಲಿನ ರಾತ್ರಿ ಮತ್ತು ಅವರು ಏಳುವ ಮೊದಲಿನ ಬೆಳಗು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದಕ್ಕೆ ಕಾಲು ಶತಮಾನ ಮೊದಲು ಓದಿದವರಿಗೆ ಎಣ್ಣೆಯ ದೀಪವೇ ಗತಿ. ಎಣ್ಣೆಗೆ ದುಡ್ಡು ಬೇಕು. ಆದ್ದರಿಂದ ಯಾವ ಹೊತ್ತಿನಲ್ಲಿ ಏನನ್ನು ಓದಬೇಕು, ದಾರಿ ನಡೆಯುತ್ತ ಯಾವುದನ್ನು ಮನನ ಮಾಡಬೇಕು ಎಂಬ ಲೆಕ್ಕವನ್ನು ಬಡ ವಿದ್ಯಾರ್ಥಿಯು ತಾನಾಗಿಯೇ ಕಲಿತುಕೊಳ್ಳುತ್ತಾನೆ. ಹೊತ್ತನ್ನು ಹಣದಂತೆ ಎಣಿಸಿ ವೆಚ್ಚ ಮಾಡುವ ಶೀಲವು ವಿಶ್ವೇಶ್ವರಯ್ಯನವರಲ್ಲಿ ಕಡೆಯವರೆಗೂ ಉಳಿದಿತ್ತು. ಅವರ ಗಡಿಯಾರದ ಶಿಸ್ತನ್ನು ಕಂಡು ಬೆರಗಾದವರು ಅದನ್ನು ಆಂಗ್ಲರ ಸಹವಾಸದ ಫಲವೆಂದು ತಿಳಿದರು. ಆ ಎರಡು ಮನೆಗಳ ನಡುವಿನ ದಾರಿಯನ್ನು ನೆನೆದರೆ ಈ ಎಣಿಕೆ ಸರಿಯೆನಿಸುವುದಿಲ್ಲ.

ಅವರು ಬೀದಿಯ ದೀಪದ ಕೆಳಗೆ ಕುಳಿತು ಓದಿದರೆಂಬ ಕಥೆಯೊಂದು ಬಹಳ ಪ್ರಚಾರದಲ್ಲಿದೆ. ಇದೇ ಕಥೆಯನ್ನು ಬಂಗಾಲದ ಈಶ್ವರಚಂದ್ರ ವಿದ್ಯಾಸಾಗರರ ಮೇಲೆಯೂ ಮದರಾಸಿನ ಸರ್ ಟಿ. ಮುತ್ತುಸ್ವಾಮಿ ಅಯ್ಯರ್ ಅವರ ಮೇಲೆಯೂ ಹೇಳುತ್ತಾರೆ. ಬಡತನದಿಂದ ಮೇಲೆ ಬಂದ ಮಹಾಪುರುಷರಿಗೆಲ್ಲ ಬೀದಿದೀಪವೊಂದನ್ನು ನಿಲ್ಲಿಸಿಕೊಡುವುದು ಜನರ ಅಭಿಮಾನದ ಒಂದು ರೀತಿ. ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಶೆಗೆ ಅಂಥ ಅಲಂಕಾರದ ಅಗತ್ಯವಿಲ್ಲ. ಪಾಠ ಹೇಳಿ ಗಳಿಸಿದ ಹಣದಿಂದ ಪಾಠ ಕಲಿತರೆಂಬ ಸಂಗತಿಯೇ ಸಾಕು.

ಸೆಂಟ್ರಲ್ ಕಾಲೇಜು ಬೆಂಗಳೂರಿನಲ್ಲಿದ್ದರೂ ಅದರ ಪರೀಕ್ಷೆಗಳನ್ನು ನಡೆಸುತ್ತಿದ್ದುದು 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾಲಯ. ಕನ್ನಡ ನೆಲದಲ್ಲಿ ಓದಿದ ಹುಡುಗನ ಯೋಗ್ಯತೆಯನ್ನು ಅಳೆಯುವವರು ಅವನನ್ನು ಎಂದೂ ಕಾಣದ ದೂರದ ಪರೀಕ್ಷಕರು. ಒಮ್ಮೆ ಅನುತ್ತೀರ್ಣನಾದರೆ ಮರುವರ್ಷದ ಶುಲ್ಕವನ್ನು ಎಲ್ಲಿಂದ ತರುವುದೆಂಬ ಪ್ರಶ್ನೆಗೆ ಪಿತೃಹೀನನಾದ ಆ ತರುಣನಲ್ಲಿ ಉತ್ತರವಿರಲಿಲ್ಲ. 1881ರ ಹೊತ್ತಿಗೆ ಅವರು ಬಿ.ಎ. ಪದವಿಯನ್ನು ಪಡೆದಿದ್ದರು, ಪಡೆದುದು ಉನ್ನತ ಮಟ್ಟದಲ್ಲಿ.

ಈ ಯಶಸ್ಸಿನ ಹಿಂದೆ ಗುರುವೊಬ್ಬರಿದ್ದರು. ಕಾಲೇಜಿನ ಪ್ರಾಂಶುಪಾಲರಾದ ಚಾರ್ಲ್ಸ್ ವಾಟರ್ಸ್ ಅವರು ಈ ಶಿಷ್ಯನ ಗಣಿತದ ಬುದ್ಧಿಯನ್ನೂ ಅವನ ಮನೆಯ ಸ್ಥಿತಿಯನ್ನೂ ಅರಿತವರು. ಶಿಷ್ಯನು ಕಾಲೇಜನ್ನು ಬಿಡುವಾಗ ಅವರು ಕೊಟ್ಟ ಕಾಣಿಕೆ ವೆಬ್‌ಸ್ಟರನ ಇಂಗ್ಲಿಷ್ ನಿಘಂಟು. ಪುಸ್ತಕ ಕೊಳ್ಳಲು ಕಷ್ಟಪಡುವವನಿಗೆ ನಿಘಂಟನ್ನು ಕೊಟ್ಟ ಗುರುವಿನ ಔಚಿತ್ಯಜ್ಞಾನವು ಮೆಚ್ಚತಕ್ಕದ್ದು.

1881ರ ಮಾರ್ಚ್‌ನಲ್ಲಿ ಮೈಸೂರು ರಾಜ್ಯವು ಆಂಗ್ಲರ ಆಡಳಿತದಿಂದ ಒಡೆಯರ ವಂಶಕ್ಕೆ ಮರಳಿತು. ದಿವಾನರಾದ ರಂಗಾಚಾರ್ಲು ಅವರ ಕಾಲದಲ್ಲಿ ಸಂಸ್ಥಾನದ ವಿದ್ಯಾರ್ಥಿವೇತನವು ದೊರೆತು, ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಲಿಯಲು ಪುಣೆಗೆ ಹೊರಟರು. ಬೆಳಗಾವಿಯ ಮೂಲಕ ಪುಣೆಗೆ ಹೋಗುವ ರೈಲುದಾರಿ ಆಗಿನ್ನೂ ಆಗಿರಲಿಲ್ಲ. ಕನ್ನಡ ವಿದ್ಯಾರ್ಥಿಗೆ ಪುಣೆಯು ದೇಶದಿಂದಲೂ ಭಾಷೆಯಿಂದಲೂ ದೂರವೇ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳವರಿಗೂ ಸ್ಥಿತಿ ಬೇರೆಯಾಗಿರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಅಲ್ಲಿಯವರೆಗೆ ಪದವಿಯ ಆಸೆಯಿದ್ದವರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಲೂರ ವೆಂಕಟರಾಯರೂ ಆಮೇಲೆ ದ. ರಾ. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರೇ.

ಪುಣೆಯ ವಿಜ್ಞಾನ ಕಾಲೇಜು 1854ರಲ್ಲಿ ಸಣ್ಣ ಪ್ರಮಾಣದಲ್ಲಿ ಮೊದಲಾದ ಇಂಜಿನಿಯರಿಂಗ್ ತರಗತಿಯಿಂದ ಬೆಳೆದ ಸಂಸ್ಥೆ. ಆ ಕಾಲದಲ್ಲಿ ಅದರ ಮುಖ್ಯಸ್ಥರು ಥಿಯೊಡೋರ್ ಕುಕ್ ಅವರು. ಇಂಜಿನಿಯರರಾಗಿದ್ದೂ ಮುಂಬಯಿ ಇಲಾಖೆಯ ಸಸ್ಯಗಳ ಮೇಲೆ ಬೃಹದ್‌ಗ್ರಂಥವನ್ನು ಬರೆದವರು. ಇಲ್ಲಿಯ ಅಂತಿಮ ಪರೀಕ್ಷೆ ಮುಂಬಯಿ ವಿಶ್ವವಿದ್ಯಾಲಯದ ಎಲ್.ಸಿ.ಇ.; ಮುಂದೆ ಬಿ.ಇ. ಎಂಬ ಪದವಿ ಬರುವುದಕ್ಕೆ ಮೊದಲು ಸಿವಿಲ್ ಇಂಜಿನಿಯರರಿಗೆ ಅದೇ ಅರ್ಹತೆ. ಬಿ.ಎ.ಗೆ ಓದಿದ ಬಗೆ ಇಲ್ಲಿ ಸಾಲದು. ಗಣಿತವನ್ನು ತಿಳಿದರಷ್ಟೇ ಮುಗಿಯದೆ ಅದನ್ನು ನೆಲದ ಮೇಲೆ ಇಳಿಸಬೇಕು. ಮೋಜಣಿಯ ಸರಪಳಿ ಹಿಡಿದು ಬಿಸಿಲಲ್ಲಿ ನಡೆಯಬೇಕು. ಅಳೆದುದನ್ನು ನಕ್ಷೆಯಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಬರೆಯಬೇಕು. ನೀರಿನ ಒತ್ತಡ, ಕಮಾನಿನ ಭಾರ, ಮಣ್ಣಿನ ಗುಣ ಇವುಗಳನ್ನು ಬಾಯಿಪಾಠದಿಂದಲ್ಲ, ಲೆಕ್ಕದಿಂದ ಸಾಧಿಸಬೇಕು. ಸಿದ್ಧ ಉತ್ತರಗಳ ಗೈಡುಗಳನ್ನು ನಂಬಿ ಪರೀಕ್ಷೆಗೆ ಕೂರುವವರ ವಿದ್ಯೆ ಇಂಥಲ್ಲಿ ಒಂದು ಗಳಿಗೆಯೂ ನಿಲ್ಲಲಾರದು.

ಈ ಪರೀಕ್ಷೆಯ ಫಲಕ್ಕೆ ಅಂಕಗಳಿಗಿಂತ ಹೆಚ್ಚಿನದೊಂದು ಗಂಟು ಬಿದ್ದಿತ್ತು. ಅಗ್ರಸ್ಥಾನ ಪಡೆದವರಿಗೆ ಮುಂಬಯಿ ಸರಕಾರವು ಲೋಕೋಪಯೋಗಿ ಖಾತೆಯಲ್ಲಿ ಸಹಾಯಕ ಇಂಜಿನಿಯರ ಹುದ್ದೆಯನ್ನು ಕೊಡುತ್ತಿತ್ತು. ಮೇಲಿನ ಹುದ್ದೆಗಳೆಲ್ಲ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದವರ ಕೈಯಲ್ಲಿದ್ದ ಕಾಲವದು. ಶಿಫಾರಸು ಮಾಡುವ ಬಂಧುಗಳಿಲ್ಲದ, ಪರಪ್ರಾಂತದ ಬಡ ತರುಣನಿಗೆ ಆ ಕೋಟೆಯೊಳಗೆ ಹೋಗಲು ಇದ್ದ ಬಾಗಿಲು ಇದೊಂದೇ. ಮೊದಲನೆಯ ಸ್ಥಾನಕ್ಕಾಗಿ ಅವರು ಪಟ್ಟ ಶ್ರಮವನ್ನು ಕೀರ್ತಿಯ ಹಂಬಲವೆಂದು ಎಣಿಸುವುದು ಸರಿಯಲ್ಲ. ವಿಧವೆ ತಾಯಿ ವೆಂಕಟಲಕ್ಷ್ಮಮ್ಮನವರು ಊರಲ್ಲಿದ್ದರು. ವಿದ್ಯಾರ್ಥಿವೇತನ ಕೊಟ್ಟ ಸಂಸ್ಥಾನಕ್ಕೆ ತೋರಿಸಬೇಕಾದ ಲೆಕ್ಕವಿತ್ತು.

ಪುಣೆಯಲ್ಲಿ ಒಂದು ಸೌಕರ್ಯ ಒದಗಿತು: ಪರರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯುವ ಅವಶ್ಯಕತೆ ವಿದ್ಯಾರ್ಥಿವೇತನದಿಂದ ತಪ್ಪಿತು. ಬೆಂಗಳೂರಿನಲ್ಲಿ ಕದ್ದು ಓದಿದಂತೆ ಓದಿದವರಿಗೆ ಇಡೀ ದಿನವೇ ಕೈಗೆ ಬಂದುದು ಎಂಥ ಭಾಗ್ಯವೆಂಬುದನ್ನು ಊಹಿಸಬಹುದು. ಅಂದಿನ ಇಂಜಿನಿಯರಿಂಗ್ ವಿದ್ಯಾರ್ಥಿಯ ಹಗಲು ತರಗತಿ, ನಕ್ಷೆಯ ಹಲಗೆ, ಮೋಜಣಿಯ ಬಯಲು ಇವುಗಳಲ್ಲಿ ಕಳೆಯುತ್ತಿತ್ತು. ಪುಸ್ತಕವೂ ಗಣಿತವೂ ರಾತ್ರಿಯ ಪಾಲು. ವಿದ್ಯೆಗೆ ಕೊಡುವ ದಾನವು ವಿದ್ಯಾರ್ಥಿಗೆ ನಿಜವಾಗಿ ಕೊಡುವುದು ಹಣವನ್ನಲ್ಲ, ಹೊತ್ತನ್ನು.

1883ರ ನವೆಂಬರಿನಲ್ಲಿ ಪರೀಕ್ಷೆ ನಡೆಯಿತು. ಇಡೀ ಮುಂಬಯಿ ಇಲಾಖೆಗೆ ವಿಶ್ವೇಶ್ವರಯ್ಯನವರೇ ಮೊದಲಿಗರಾದರು. ಜೇಮ್ಸ್ ಬರ್ಕ್ಲಿ ಪಾರಿತೋಷಕವೂ ಅವರದಾಯಿತು. ಬರ್ಕ್ಲಿ ಎಂಬಾತನು 1853ರಲ್ಲಿ ಮುಂಬಯಿ–ಠಾಣೆಯ ನಡುವೆ ಭಾರತದ ಮೊದಲ ಪ್ರಯಾಣಿಕ ರೈಲನ್ನು ಓಡಿಸಿದ ಕಂಪನಿಯ ಮುಖ್ಯ ಇಂಜಿನಿಯರನು. ಭೋರ್ ಘಾಟಿಗೆ ರೈಲುದಾರಿಯನ್ನು ಏರಿಸಿದವನು. ವಿದ್ಯಾರ್ಥಿವೇತನದ ಕಾಲದಲ್ಲಿ ದಿವಾನರಾಗಿದ್ದ ರಂಗಾಚಾರ್ಲು ಅವರು ಮಾತ್ರ ಈ ಫಲವನ್ನು ನೋಡಲು ಉಳಿದಿರಲಿಲ್ಲ. ಆ ವರ್ಷದ ಜನವರಿಯಲ್ಲಿಯೇ ಅವರು ತೀರಿಹೋಗಿದ್ದರು.

1884ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯನ್ನು ಸೇರಿದರು. ನಾಸಿಕ, ಖಾನದೇಶ, ಸಿಂಧದ ಸಕ್ಕರ್, ಸುರತ, ಪುಣೆ, ಹೀಗೆ ಅವರು ದುಡಿದ ಸ್ಥಳಗಳು ಹಲವು. ಧಾರವಾಡ, ವಿಜಾಪುರಗಳ ನೀರು ಪೂರೈಕೆಯ ಯೋಜನೆಗಳಿಗೂ ಅವರ ಪರಿಶೀಲನೆ ದೊರೆಯಿತು. ತಾವು ಓದಿದ ಪುಣೆಗೆ ನೀರುಣಿಸುವ ಖಡಕವಾಸಲಾ ಜಲಾಶಯಕ್ಕೆ, ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಸ್ವಯಂಚಾಲಿತ ಬಾಗಿಲುಗಳನ್ನು ಅವರು 1903ರ ಸುಮಾರಿಗೆ ಅಳವಡಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ ತಾಯ್ನಾಡಿಗೆ ಬಂದರು. ವಿದ್ಯಾರ್ಥಿವೇತನ ಕೊಟ್ಟ ಸಂಸ್ಥಾನಕ್ಕೆ ಅದರ ಫಲ ದೊರೆಯಲು ಇಪ್ಪತ್ತೈದು ವರ್ಷಗಳು ಬೇಕಾದವು. ಆದರೆ ದೊರೆತುದು ಬಡ್ಡಿಸಹಿತ.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಅಣೆಕಟ್ಟು, ಬ್ಯಾಂಕು, ಕಾರ್ಖಾನೆಗಳ ವಿಷಯ ಎಲ್ಲರೂ ಬಲ್ಲದ್ದು. ಅವರ ಆಡಳಿತದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದುದೂ ಅವರ ದಿವಾನಗಿರಿಯಲ್ಲಿಯೇ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಭಾರತದಲ್ಲಿ ಅದೇ ಮೊದಲು. ಅಂದಿನಿಂದ ಸೆಂಟ್ರಲ್ ಕಾಲೇಜಿನ ಹುಡುಗನು ಮದರಾಸಿನ ಪರೀಕ್ಷೆಗೆ ಕಾಯಬೇಕಾಗಲಿಲ್ಲ. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಪುಣೆಯ ದೂರವೂ ಮುಗಿಯಿತು. ತಾವು ಪರೀಕ್ಷಾರ್ಥಿಯಾಗಿ ತುಳಿದ ಪರದೇಶದ ಎರಡು ದಾರಿಗಳನ್ನು, ಅಧಿಕಾರ ಬಂದಾಗ, ಒಂದಾದ ಮೇಲೊಂದರಂತೆ ಅವರು ನಾಡಿನೊಳಗೆ ತಂದರು.

ಗುರು ವಾಟರ್ಸ್ ಅವರು ಇಂಗ್ಲೆಂಡಿಗೆ ಮರಳಿದ ಮೇಲೆಯೂ ಶಿಷ್ಯನನ್ನು ಮರೆಯಲಿಲ್ಲ. ತಮ್ಮ ಅಂಗಿಯ ತೋಳಿನ ಬಂಗಾರದ ಗುಂಡಿಗಳನ್ನು ವಿಶ್ವೇಶ್ವರಯ್ಯನವರಿಗೆ ತಲುಪಿಸಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಅವು ಕಡಲು ದಾಟಿ ಬಂದು ಶಿಷ್ಯನ ಕೈ ಸೇರಿದವು. ನೂರಾರು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಶಿಕ್ಷಕನೊಬ್ಬನು ಸಾಯುವ ಕಾಲದಲ್ಲಿ ನೆನೆದುದು, ಎಂದೋ ಪಾಠ ಹೇಳಿಸಿಕೊಂಡ ಪರದೇಶದ ಬಡ ಹುಡುಗನನ್ನು. ಇದು ಶಿಷ್ಯನಿಗೆ ಎಷ್ಟು ಭೂಷಣವೋ ಗುರುವಿಗೂ ಅಷ್ಟೇ ಭೂಷಣ.

ವಿಶ್ವೇಶ್ವರಯ್ಯನವರು ನೂರು ವರ್ಷಗಳ ತುಂಬುಬಾಳನ್ನು ಬಾಳಿ 1962ರ ಏಪ್ರಿಲ್‌ನಲ್ಲಿ ನಿಧನ ಹೊಂದಿದರು. 1998ರಲ್ಲಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳನ್ನು ಒಂದುಗೂಡಿಸಿ ತಾಂತ್ರಿಕ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಅದಕ್ಕೆ ಅವರ ಹೆಸರನ್ನಿಟ್ಟರು; ಅದರ ಕೇಂದ್ರಸ್ಥಾನ ಬೆಳಗಾವಿಯಾಯಿತು. ಕಟಕೋಳ, ರಾಮದುರ್ಗ, ಸವದತ್ತಿಗಳ ಕಡೆಯಿಂದ ಇಂಜಿನಿಯರಿಂಗ್ ಓದಲು ಹೋಗಿ ಆ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆಗೆ ಕೂರುವ ಮಕ್ಕಳ ಉತ್ತರಪತ್ರಿಕೆ ಈಗ ಹೋಗುವುದು ಮದರಾಸಿಗಲ್ಲ, ಮುಂಬಯಿಗಲ್ಲ. ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯಕ್ಕೆ, ತಮ್ಮದೇ ಜಿಲ್ಲೆಯ ಊರಿಗೆ.