ಬ್ರೂಟಸ್: ನಾಣ್ಯದ ಎರಡು ಮುಖಗಳು

ರೋಮನ್ ಗಣರಾಜ್ಯದ ಕೊನೆಯ ದಶಕಗಳಲ್ಲಿ ಡಿನೇರಿಯಸ್ ಎಂಬ ಬೆಳ್ಳಿಯ ನಾಣ್ಯವು ಕೇವಲ ವಿನಿಮಯದ ಸಾಧನವಾಗಿರಲಿಲ್ಲ. ಸುಮಾರು 4 ಗ್ರಾಂ ತೂಕದ ಆ ಬಿಲ್ಲೆಯು ಕೈಯಿಂದ ಕೈಗೆ ಸಾಗುತ್ತ ರಾಜಕೀಯ ನಿಲುವುಗಳನ್ನೂ ಹೊತ್ತೊಯ್ಯುತ್ತಿತ್ತು. ಮಾರ್ಕಸ್ ಜೂನಿಯಸ್ ಬ್ರೂಟಸ್‌ನ ಬದುಕನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಬ್ರೂಟಸ್ ಜನಿಸಿದ್ದು ಸುಮಾರು ಕ್ರಿ.ಪೂ. 85ರಲ್ಲಿ. ತಾಯಿ ಸರ್ವಿಲಿಯಾ, ತಂದೆ ಕ್ರಿ.ಪೂ. 77ರಲ್ಲಿ ಪಾಂಪೆಯಿಂದ ಹತನಾದ. ಕ್ರಿ.ಪೂ. 54ರ ಸುಮಾರಿಗೆ ಟಂಕಸಾಲೆಯ ಅಧಿಕಾರಿಯಾದ ಬ್ರೂಟಸ್, ಒಂದು ನಾಣ್ಯದ ಮುಮ್ಮುಖದಲ್ಲಿ ಸ್ವಾತಂತ್ರ್ಯದೇವತೆಯನ್ನೂ ಹಿಮ್ಮುಖದಲ್ಲಿ ದಂಡಧಾರಿಗಳ ನಡುವೆ ಸಾಗುವ ಲೂಸಿಯಸ್ ಬ್ರೂಟಸ್‌ನನ್ನೂ ಚಿತ್ರಿಸಿದ. ರೋಮಿನಿಂದ ಅರಸೊತ್ತಿಗೆಯನ್ನು ತೊಲಗಿಸಿದವನೆಂದು ಪರಂಪರೆ ಹೇಳುವ ಆ ಪೂರ್ವಜನೊಂದಿಗೆ ಅವನು ತನ್ನನ್ನು ಗುರುತಿಸಿಕೊಂಡಿದ್ದು ಹೀಗೆ.

ಕ್ರಿ.ಪೂ. 49ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅವನು ತಂದೆಯನ್ನು ಕೊಂದ ಪಾಂಪೆಯ ಪಕ್ಷವನ್ನೇ ಸೇರಿದನೆಂಬುದು ಗಮನಾರ್ಹ. ಮರುವರ್ಷದ ಫಾರ್ಸಾಲಸ್ ಸೋಲಿನ ನಂತರ ಸೀಸರ್ ಅವನನ್ನು ಕ್ಷಮಿಸಿ ಉನ್ನತ ಪದವಿಗಳನ್ನು ನೀಡಿದ. ಕ್ರಿ.ಪೂ. 44ರ ಆರಂಭದಲ್ಲಿ ರೋಮಿನ ಟಂಕಸಾಲೆಯ ನಾಣ್ಯಗಳ ಮೇಲೆ, ಪೂರ್ವಜರ ಹಾಗೂ ದೇವತೆಗಳ ಸ್ಥಾನದಲ್ಲಿ, ಜೀವಂತನಾಗಿದ್ದ ಸೀಸರನ ಮುಖ ಮೂಡಿತು. ಅದೇ ವರ್ಷ ಮಾರ್ಚ್ 15ರಂದು ಬ್ರೂಟಸ್ ಮತ್ತು ಅವನ ಸಂಗಡಿಗರು ಸೀಸರನನ್ನು ಕೊಂದರು.

ಬಳಿಕ ಪೂರ್ವದ ಪ್ರಾಂತಗಳಿಗೆ ತೆರಳಿದ ಬ್ರೂಟಸ್ ಸೈನ್ಯವನ್ನು ಕಟ್ಟಿದ. ಅದರ ವೇತನಕ್ಕಾಗಿ ನಾಣ್ಯಗಳನ್ನು ಟಂಕಿಸಿದ. ಕ್ರಿ.ಪೂ. 43-42ರ ಪ್ರಸಿದ್ಧ ಡಿನೇರಿಯಸ್‌ನ ಹಿಮ್ಮುಖದಲ್ಲಿ ಎರಡು ಕಠಾರಿಗಳ ನಡುವೆ ದಾಸ್ಯಮುಕ್ತರು ಧರಿಸುತ್ತಿದ್ದ ಟೊಪ್ಪಿಗೆಯಿದೆ. ಕೆಳಗೆ ಹತ್ಯೆಯ ದಿನದ ಉಲ್ಲೇಖವಿದೆ. ಇತಿಹಾಸಕಾರ ಕ್ಯಾಸಿಯಸ್ ಡಿಯೊ ಈ ನಾಣ್ಯವನ್ನು ಪ್ರಸ್ತಾಪಿಸಿದ್ದಾನೆ. ಆದರೆ ಮುಮ್ಮುಖದಲ್ಲಿರುವುದು ಸ್ವಾತಂತ್ರ್ಯದೇವತೆಯಲ್ಲ, ಬ್ರೂಟಸ್‌ನದೇ ಮುಖ.

ಕ್ರಿ.ಪೂ. 42ರ ಅಕ್ಟೋಬರಿನಲ್ಲಿ ಫಿಲಿಪ್ಪಿಯ ರಣರಂಗದಲ್ಲಿ ಆಂಟನಿ ಹಾಗೂ ಆಕ್ಟೇವಿಯನ್‌ರಿಗೆ ಸೋತ ಅವನು ಆತ್ಮಹತ್ಯೆ ಮಾಡಿಕೊಂಡ. ಈ ಮುಖಚಿತ್ರವನ್ನು ವೈಯಕ್ತಿಕ ಮಹತ್ವಾಕಾಂಕ್ಷೆಯೆಂದಷ್ಟೇ ಓದುವುದು ಸರಳೀಕರಣವಾದೀತು. ಅಂತರ್ಯುದ್ಧದ ಸೈನಿಕನಿಗೆ ವೇತನ ಬರುತ್ತಿದ್ದುದು ಸೇನಾನಾಯಕನಿಂದ. ಅವನ ನಿಷ್ಠೆಗೂ ಆ ನಾಯಕನೇ ಕೇಂದ್ರವಾಗಿದ್ದ. ಏಕವ್ಯಕ್ತಿ ಪ್ರಭುತ್ವವನ್ನು ಎದುರಿಸಲು ಹೊರಟವನೂ ಅದರ ದೃಶ್ಯಭಾಷೆಯನ್ನೇ ಬಳಸಬೇಕಾಯಿತು. ಗಣರಾಜ್ಯದ ಅವಸಾನವನ್ನು ಆ ಪುಟ್ಟ ಬಿಲ್ಲೆ ಫಿಲಿಪ್ಪಿಗಿಂತ ಮೊದಲೇ ದಾಖಲಿಸಿತ್ತೆನ್ನಬಹುದು.