ಏಕಕಾಲಕ್ಕೆ ಎರಡು ತರಗತಿ ಓದಿದ ಹುಡುಗ

ಪೋಷಕರೇ, ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಕಾಲೇಜಿಗೆ ಸೇರಿಸುವಾಗ ನಿಮ್ಮನ್ನು ಕಾಡುವ ಅಳುಕು ಒಂದೇ: ಬೇರೆ ಶಾಲೆಗಳಿಂದ ಬಂದವರ ಸಮಕ್ಕೆ ನಮ್ಮ ಮಗು ನಿಲ್ಲಬಲ್ಲುದೇ? ಗಿಡಗಳಲ್ಲಿರುವ ಔಷಧಾಂಶಗಳ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ಅಮೆರಿಕದ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್ ಅವರ ಬದುಕನ್ನು ಒಮ್ಮೆ ನೋಡಿ.

ಅವರು ಹುಟ್ಟಿದ್ದು 1899ರಲ್ಲಿ, ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ. ಅಜ್ಜ ಗುಲಾಮಗಿರಿ ಕಂಡವರು. ತಂದೆ ರೈಲ್ವೆ ಅಂಚೆ ಗುಮಾಸ್ತ, ತಾಯಿ ಶಿಕ್ಷಕಿ. ಅಲ್ಲಿ ಕಪ್ಪು ಜನರ ಮಕ್ಕಳಿಗೆ ಎಂಟನೇ ತರಗತಿಯ ಆಚೆಗೆ ಸರ್ಕಾರಿ ಓದು ಇಲ್ಲವೆನ್ನುವಷ್ಟು ಕಡಿಮೆ. 1916ರಲ್ಲಿ ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯ ಸೇರಿದಾಗ ಹುಡುಗನ ತಯಾರಿ ಸಾಲಲಿಲ್ಲ. ಹಾಗಾಗಿ ಕಾಲೇಜಿನ ಪಾಠದ ಜತೆಗೇ ಹೈಸ್ಕೂಲಿನ ಪಾಠವನ್ನೂ ಕಲಿಯಬೇಕಾಯಿತು. ಊಟ ಬಡಿಸುವ, ಒಲೆಗೆ ಇದ್ದಿಲು ಹಾಕುವ ಕೆಲಸ ಮಾಡಿ ಖರ್ಚು ತೂಗಿಸಿದ. 1920ರಲ್ಲಿ ಪದವಿ ಮುಗಿಸಿದಾಗ ಇಡೀ ತರಗತಿಗೆ ಅವನೇ ಮೊದಲಿಗ. ತಂದೆತಾಯಿ ಆರೂ ಮಕ್ಕಳನ್ನು ಕಾಲೇಜು ಓದಿಸಿದರು.

ಮುಂದಿನ ದಾರಿಯೂ ಸಲೀಸಾಗಿರಲಿಲ್ಲ. ಹಾರ್ವರ್ಡ್‌ನಲ್ಲಿ ಎಂ.ಎ. ಪಡೆದರೂ, ಬಿಳಿಯ ವಿದ್ಯಾರ್ಥಿಗಳು ಒಪ್ಪಲಾರರೆಂದು ಅವರಿಗೆ ಬೋಧನಾ ಸಹಾಯಕನ ಕೆಲಸ ಕೊಡಲಿಲ್ಲ. ಜೂಲಿಯನ್ ವಿಯೆನ್ನಾಕ್ಕೆ ಹೋದರು. ಜರ್ಮನ್ ಮಾತನಾಡುವ ಆ ಊರಿನಲ್ಲಿ ಸಸ್ಯಗಳ ಆಲ್ಕಲಾಯ್ಡ್‌ಗಳನ್ನು ಅಭ್ಯಾಸ ಮಾಡಿ 1931ರಲ್ಲಿ ಡಾಕ್ಟರೇಟ್ ಪಡೆದರು.

ಪಶ್ಚಿಮ ಆಫ್ರಿಕಾದ ಕಲಬಾರ್ ಎಂಬ ವಿಷದ ಅವರೆಯಲ್ಲಿ ಫೈಸೊಸ್ಟಿಗ್ಮಿನ್ ಎಂಬ ಅಂಶವಿದೆ. ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿ ಹೋಗುವ ಗ್ಲಾಕೋಮಾಕ್ಕೆ ಅದು ಆಗ ಔಷಧವಾಗಿತ್ತು. ಜೂಲಿಯನ್ 1935ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇದೇ ಕೆಲಸದಲ್ಲಿದ್ದ ಆಕ್ಸ್‌ಫರ್ಡ್‌ನ ಹೆಸರಾಂತ ರಾಬರ್ಟ್ ರಾಬಿನ್ಸನ್ ಅವರ ಫಲಿತಾಂಶ ತಪ್ಪೆಂದು ಧೈರ್ಯವಾಗಿ ಪ್ರಕಟಿಸಿದರು. ಜೂಲಿಯನ್ ಹೇಳಿದ್ದೇ ಸರಿಯಾಗಿತ್ತು. ಆದರೂ ಡಿಪಾದಲ್ಲಿ ಅವರಿಗೆ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ.

1936ರಲ್ಲಿ ಷಿಕಾಗೋದಲ್ಲಿ ಗ್ಲಿಡನ್ ಕಂಪನಿ ಸೇರಿದರು. ಅಲ್ಲಿ ಒಮ್ಮೆ ಸೋಯಾ ಎಣ್ಣೆಯ ಟ್ಯಾಂಕಿಗೆ ನೀರು ಸೋರಿ, ಬಿಳಿಯ ಗಷ್ಟು ನಿಂತಿತು. ಹಾಳಾಯಿತೆಂದು ಚೆಲ್ಲುವ ಬದಲು ಜೂಲಿಯನ್ ಅದರಲ್ಲಿ ಸ್ಟೆರಾಲ್ ಇರುವುದನ್ನು ಗುರುತಿಸಿದರು. ಅದರಿಂದ ಪ್ರೊಜೆಸ್ಟರಾನ್ ಹಾರ್ಮೋನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. ಸಂಧಿವಾತಕ್ಕೆ ಕೊಡುವ ಕಾರ್ಟಿಸೋನ್ ಆಗ ದನದ ಪಿತ್ತದಿಂದ ತಯಾರಾಗಿ ಬಹು ದುಬಾರಿಯಾಗಿತ್ತು. ಆ ಬಳಗದ ಔಷಧಗಳಿಗೆ ಬೇಕಾದ ಒಂದು ಸಂಯುಕ್ತವನ್ನು 1949ರಲ್ಲಿ ಸೋಯಾದಿಂದಲೇ ಮಾಡುವ ದಾರಿ ತೋರಿಸಿದರು.

1950ರಲ್ಲಿ ಓಕ್ ಪಾರ್ಕ್‌ನಲ್ಲಿ ಅವರು ಕೊಂಡ ಮನೆಗೆ ಬೆಂಕಿ ಹಚ್ಚುವ ಪ್ರಯತ್ನ ನಡೆಯಿತು. ಮರುವರ್ಷ ಸ್ಫೋಟಕ ಎಸೆದರು. ಕುಟುಂಬ ಊರು ಬಿಡಲಿಲ್ಲ. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1975ರಲ್ಲಿ ತೀರಿಕೊಂಡರು.

ಪ್ರತಿಭೆಯೊಂದಿದ್ದರೆ ಎಲ್ಲ ಬಾಗಿಲೂ ತೆರೆಯುತ್ತವೆ ಎಂದು ಈ ಬದುಕು ಹೇಳುವುದಿಲ್ಲ. ಆದರೆ ಪಾಠದ ಕೊರತೆ ಬೇರೆ, ಬುದ್ಧಿಯ ಕೊರತೆ ಬೇರೆ ಎಂಬುದನ್ನು ತೋರಿಸುತ್ತದೆ. ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ನಿಮ್ಮ ಮಗುವಿಗೆ ಅಂಕ ಕಡಿಮೆ ಬಂದರೆ ಮಾಧ್ಯಮವನ್ನೋ ಮಗುವನ್ನೋ ದೂರಬೇಡಿ. ಯಾವ ಪಾಠ ತಪ್ಪಿದೆ, ಯಾವ ಪದ ತಿಳಿದಿಲ್ಲ ಎಂದು ಕೂತು ಕೇಳಿ. ಅದನ್ನು ಕಲಿಸಿಕೊಡುವವರನ್ನು ಹುಡುಕಿ. ಒಂದೆರಡು ವರ್ಷ ಕಾಯಿರಿ.