ಶಿವಯೋಗಿ ಸಿದ್ಧರಾಮೇಶ್ವರರು

ಮಾನವನ ವಿವೇಚನೆಯು ಕಣ್ಣಿಗೆ ಕಂಡುದನ್ನು ಅಳೆಯಬಲ್ಲುದು. ಕಾಣದುದನ್ನು ಅಳೆಯಹೊರಟಾಗ ಸೋಲುತ್ತದೆ. ಈ ಸೋಲು ಅಲ್ಪಮತಿಗಳಿಗೆ ಮಾತ್ರವಲ್ಲ, ಮಹಾತ್ಮರಿಗೂ ಒದಗುತ್ತದೆಂಬುದಕ್ಕೆ 12ನೆಯ ಶತಮಾನದ ಸಿದ್ಧರಾಮೇಶ್ವರರ ಜೀವನವೇ ನಿದರ್ಶನವು.

ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಮುದ್ದುಗೌಡ ಮತ್ತು ಸುಗ್ಗಲದೇವಿಯರ ಉದರದಲ್ಲಿ ಜನಿಸಿದ ಬಾಲಕನು ಮೌನಿಯಾಗಿದ್ದುದರಿಂದ ಜನರು ಅವನನ್ನು ಮಂದಮತಿಯೆಂದೇ ಬಗೆದರು. ಒಂದು ದಿನ ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮನೊಬ್ಬನು ಬಂದು ಉಣಿಸನ್ನು ಬೇಡಿದನು. ಬಂದವನು ಯಾರು, ಎಂತಹವನು ಎಂದು ಬಾಲಕನು ವಿಚಾರಿಸಲಿಲ್ಲ. ತರಲು ಮನೆಗೆ ಓಡಿದನು. ಹಿಂದಿರುಗಿ ಬಂದಾಗ ಜಂಗಮನು ಅಲ್ಲಿರಲಿಲ್ಲ. ಮಲ್ಲಯ್ಯನನ್ನು ಕೂಗುತ್ತ, ಅಳುತ್ತ, ಯಾತ್ರಿಕರೊಡನೆ ಶ್ರೀಶೈಲಕ್ಕೆ ನಡೆದನು. ಅಲ್ಲಿಯೂ ಕಾಣದೆ ಪ್ರಪಾತಕ್ಕೆ ಧುಮುಕಲು ಮುಂದಾದಾಗ ಮಲ್ಲಿಕಾರ್ಜುನನೇ ಕೈಹಿಡಿದು, ಸೊನ್ನಲಿಗೆಯನ್ನು ಎರಡನೆಯ ಶ್ರೀಶೈಲವಾಗಿಸೆಂದು ಅಪ್ಪಣೆಯಿತ್ತನೆಂದು ರಾಘವಾಂಕ ಮಹಾಕವಿಯು ವರ್ಣಿಸಿರುವನು.

ಅಪ್ಪಣೆಯಂತೆ ಸಿದ್ಧರಾಮೇಶ್ವರರು 68 ಲಿಂಗಗಳನ್ನು ಪ್ರತಿಷ್ಠಿಸಿದರು. ವಿಶಾಲವಾದ ಕೆರೆಯನ್ನು ಕಟ್ಟಿಸಿದರು. ಪ್ರಾಣಿಗಳಿಗೆ ನೀರು, ಹಸಿದವರಿಗೆ ಅನ್ನ, ಊರಿಗೆ ಪುಣ್ಯಕ್ಷೇತ್ರದ ಕೀರ್ತಿ ದೊರೆತವು. ಇವೆಲ್ಲವೂ ಸತ್ಕಾರ್ಯಗಳೇ, ಇವುಗಳಲ್ಲಿ ದೋಷವನ್ನೆಣಿಸುವವರು ಯಾರು? ಆದರೆ ಈ ಕಾರ್ಯಗಳೇ ತಮ್ಮ ಸಾಧನೆಯ ಪೂರ್ಣತೆಯೆಂಬ ನಿರ್ಣಯವು ಅವರ ಅಂತರಂಗದಲ್ಲಿ ಸದ್ದಿಲ್ಲದೆ ನೆಲೆಸಿತು.

ಆಗ ಅಲ್ಲಮಪ್ರಭುದೇವರು ಕೆರೆಯ ಬಳಿಗೆ ಬಂದರು. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಈ ಪ್ರಸಂಗವನ್ನು ನಿರೂಪಿಸುತ್ತದೆ. ಪ್ರಭುದೇವರು ಸಿದ್ಧರಾಮೇಶ್ವರರನ್ನು ಮಣ್ಣು ಹೊರುವ ಒಡ್ಡನೆಂದು ಕರೆದು ವಿಚಾರಿಸಿದರು. ಕೆಲಸಗಾರರು ಕೆರಳಿ ಕಲ್ಲುಗಳನ್ನೆಸೆದರು. ಸುದ್ದಿ ಕೇಳಿದ ಸಿದ್ಧರಾಮೇಶ್ವರರೂ ಕೋಪಾವಿಷ್ಟರಾಗಿ ಬಂದು ಉರಿಗಣ್ಣನ್ನು ತೆರೆದರು. ಆ ಉರಿಯು ಪ್ರಭುದೇವರನ್ನು ತಾಕಲೇ ಇಲ್ಲ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಏನನ್ನೂ ಅರಿಯದ ಬಾಲಕನು ಅಪರಿಚಿತನಲ್ಲಿ ಶಿವನನ್ನು ಕಂಡನು. ಲೋಕವೇ ಮಹಾಯೋಗಿಯೆಂದು ಕೊಂಡಾಡಿದವರು ಸಾಕ್ಷಾತ್ ಜ್ಞಾನಮೂರ್ತಿಯನ್ನು ನಿಂದಕನೆಂದು ತಿಳಿದರು. ನಡುವೆ ಬಂದ ತೆರೆ ಯಾವುದು? ಪಾಪವಲ್ಲ; ತಾನು ಮಾಡಿದ ಪುಣ್ಯದ ನೆನಪು.

ಸಿದ್ಧರಾಮೇಶ್ವರರ ಹಿರಿಮೆಯು ಇಲ್ಲಿಯೇ ಬೆಳಗುತ್ತದೆ. ತಮ್ಮ ಆಳುಗಳ ಎದುರಿನಲ್ಲಿಯೇ, ತಾವು ಕಟ್ಟಿದ ಕೆರೆಯ ಏರಿಯ ಮೇಲೆಯೇ, ತಮ್ಮ ನಿರ್ಣಯವು ತಪ್ಪೆಂದು ಒಪ್ಪಿಕೊಂಡರು. ಪ್ರಭುದೇವರೊಡನೆ ಕಲ್ಯಾಣಕ್ಕೆ ತೆರಳಿ, ಕಿರಿಯ ವಯಸ್ಸಿನ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಹೊರಗೆ ಸ್ಥಾಪಿಸುತ್ತಿದ್ದ ಲಿಂಗವನ್ನು ಕರಸ್ಥಲದಲ್ಲಿ ಕಂಡರು. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಸಾವಿರಕ್ಕೂ ಮಿಕ್ಕ ವಚನಗಳನ್ನು ರಚಿಸಿ, ಮುಂದೆ ಶೂನ್ಯಸಿಂಹಾಸನವನ್ನೂ ಅಲಂಕರಿಸಿದರು. ಅವರ ಸಮಾಧಿಯು ಸೊಲ್ಲಾಪುರದ ಕೆರೆಯ ನಡುವಿನ ದೇಗುಲದಲ್ಲಿದೆ. ಸಂಕ್ರಾಂತಿಯ ಜಾತ್ರೆಗೆ ಇಂದಿಗೂ ಭಕ್ತರು ನೆರೆಯುತ್ತಾರೆ.

ನಮ್ಮ ಅನೇಕ ಗೃಹಸ್ಥರು ಇಂದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಂತಹ ಕಾರ್ಯಕ್ಷೇತ್ರಗಳಲ್ಲಿ ದುಡಿಯುತ್ತಿರುವರು. ಅಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನು ಮಾಡಿ ಮುಗಿಸಿದ ಕೆಲಸದಿಂದಲೇ ಎಣಿಸುವರು. ಕಾಯಕವನ್ನು ಬಿಡಬೇಕೆಂದು ಸಿದ್ಧರಾಮೇಶ್ವರರ ಚರಿತ್ರೆಯು ಬೋಧಿಸುವುದಿಲ್ಲ. ಅವರು ಕಟ್ಟಿದ ಕೆರೆಯು ಕೆರೆಯಾಗಿಯೇ ಉಳಿಯಿತು, ಅಳಿದುದು ಕಟ್ಟಿದೆನೆಂಬ ಭಾವ ಮಾತ್ರ. ದುಡಿದು ಬಂದ ಸಂಜೆ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತಾಗ, ಇಂದು ಯಾರನ್ನು ತಪ್ಪಾಗಿ ಅಳೆದೆನೆಂದು ಒಮ್ಮೆ ಕೇಳಿಕೊಳ್ಳೋಣ. ಉತ್ತರವನ್ನು ಕೊಡುವ ಅರಿವು ಗುರುಕೃಪೆಯಿಂದ ನಮಗೆ ಲಭಿಸಲಿ.